ಸತ್ತವರ ನಂಬರಿನ ದೀಪಗಳು

ಸವೇತಾ ಹತ್ತೊಂಬತ್ತರ ಹರೆಯದಲ್ಲೇ ಗಣಿಯ ದೀಪದ ಕೋಣೆ ಸೇರಿದವಳು. ಜಿಯು ಕಣಿವೆಯಲ್ಲಿ ಹೆಂಗಸರು ಕಲ್ಲಿದ್ದಲು ಕಡಿಯಲು ಇಳಿಯುತ್ತಿರಲಿಲ್ಲ. ಇಳಿಯುವವರ ಹಣೆಯ ದೀಪವನ್ನೂ ಸೊಂಟದ ಬ್ಯಾಟರಿಯನ್ನೂ ನೋಡಿಕೊಳ್ಳುತ್ತಿದ್ದರು. ಕಿಟಕಿಯಲ್ಲಿ ಹಿತ್ತಾಳೆ ಬಿಲ್ಲೆ ಕೊಟ್ಟವನಿಗೆ ಅವನ ನಂಬರಿನ ದೀಪ, ದೀಪ ಮರಳಿದಾಗ ಬಿಲ್ಲೆ. ಮೂವತ್ತೊಂದು ವರ್ಷ ಅವಳು ಮಾಡಿದ್ದು ಇದನ್ನೇ. ಎರಡನೇ ಮಗಳು ಹುಟ್ಟುವ ಹಿಂದಿನ ದಿನವೂ ಆ ಕಿಟಕಿಯಲ್ಲಿ ನಿಂತಿದ್ದಳು. ಯಾರು ಹೆಂಡತಿಯೊಡನೆ ಜಗಳವಾಡಿ ಬಂದಿದ್ದಾನೆ, ಯಾರು ಜ್ವರ ಮುಚ್ಚಿಟ್ಟಿದ್ದಾನೆ ಎಂಬುದು ಕೈ ಚಾಚುವ ರೀತಿಯಲ್ಲೇ ಅವಳಿಗೆ ತಿಳಿಯುತ್ತಿತ್ತು.

ಕೆಲಸದಲ್ಲಿರುವಾಗಲೇ ಸತ್ತವನ ದೀಪವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಅಂಥ ಏಳು ದೀಪಗಳು ಕೊನೆಯ ಸಾಲಿನಲ್ಲಿದ್ದವು. ಸವೇತಾ ಅವನ್ನೂ ಒರೆಸಿ ಚಾರ್ಜಿಗಿಡುತ್ತಿದ್ದಳು.

ದೇಶ ಕಲ್ಲಿದ್ದಲನ್ನು ಬಿಡುವುದೆಂದು ತೀರ್ಮಾನವಾಯಿತು. ಇನ್ನು ಗಾಳಿ, ಬಿಸಿಲುಗಳಿಂದಲೇ ಕರೆಂಟು. ಅದು ತಪ್ಪೆಂದು ಸವೇತಾಗೆ ಅನ್ನಿಸಲಿಲ್ಲ. ಅಪ್ಪ ಹತ್ತು ವರ್ಷ ಕೆಮ್ಮಿ ಕೆಮ್ಮಿ ಸತ್ತದ್ದನ್ನು ಅವಳು ಕಂಡಿದ್ದಳು. ಆರುನೂರು ಜನರ ಗಣಿಯಲ್ಲಿ ನಲವತ್ತೊಂದು ಜನ ಉಳಿದರು, ಸುರಂಗಗಳಿಗೆ ಗೋಡೆ ಕಟ್ಟಿ ಮುಚ್ಚಲು. ಮುಚ್ಚುವ ಗಣಿಗೆ ಹೊಸದೇನನ್ನೂ ಕೊಳ್ಳುವಂತಿರಲಿಲ್ಲ. ಬಿಟ್ಟುಹೋದವರ ದೀಪಗಳನ್ನು ಆಗಲೇ ಬೇರೆ ಗಣಿಗೆ ಸಾಗಿಸಿದ್ದರು. ಉಳಿದವುಗಳಲ್ಲಿ ಹನ್ನೆರಡು ಬ್ಯಾಟರಿಗಳು ಪಾಳಿ ಮುಗಿಯುವ ಮೊದಲೇ, ಐದೇ ತಾಸಿನಲ್ಲಿ ಮಂಕಾಗತೊಡಗಿದವು.

ಈ ಬದಲಾವಣೆಯ ಯೋಜನೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಊರಿನ ಸಭಾಭವನದಲ್ಲಿ ಎಲ್ಲರಿಗೂ ಫಾರಂ ಹಂಚಿದ. ಸವೇತಾಳದ್ದನ್ನು ಓದಿ ತಲೆಯೆತ್ತಿದ.

"ಏನಮ್ಮಾ ಇದು, ಹನ್ನೆರಡು ಬ್ಯಾಟರಿ?"

"ಬದಲಾವಣೆಗೆ ನಿಮಗೇನು ಬೇಕು ಅಂತ ಕೇಳಿದೀರಲ್ಲ ಸಾರ್."

"ಇದು ಹತ್ತು ವರ್ಷದ ಯೋಜನೆ. ಮುಂದೆ ಏನು ಕೆಲಸ ಕಲೀತೀರಿ, ಅದನ್ನ ಬರೀರಿ. ಸೋಲಾರ್ ಹಾಕೋದು ಕಲೀತೀರಾ?"

"ಕಲೀತೀನಿ. ಆದ್ರೆ ನಾಳೆ ಬೆಳಗ್ಗೆ ಆರಕ್ಕೆ ನಲವತ್ತೊಂದು ಜನ ಇಳೀತಾರೆ."

ಹಿಂದಿನ ಸಾಲಿನಿಂದ ಹಿರಿಯ ಗಣಿಗಾರ ಗ್ಲಿಗೋರ್ ದನಿ ತೆಗೆದ. "ಬರ್ಕೊಳ್ಳಿ ಸಾರ್. ದೇಶಕ್ಕೆಲ್ಲ ಕರೆಂಟು ಕೊಟ್ಟೋರು ಟಾರ್ಚಿಗೆ ಅಂಗಲಾಚ್ತಿದಾರೆ ಅಂತ."

ಸಭೆ ನಕ್ಕಿತು. ಅಧಿಕಾರಿಯೂ ನಕ್ಕು ಫಾರಂ ಅನ್ನು ಕಟ್ಟಿಗೆ ಸೇರಿಸಿದ.

ಆ ಹನ್ನೆರಡರಲ್ಲಿ ಒಂದು ಸವೇತಾಳ ತಮ್ಮ ಲಿವಿಯುವಿನದು. ಅವನಿಗೆ ಎಲ್ಲಕ್ಕಿಂತ ದೂರದ ಸುರಂಗದಲ್ಲಿ ಗೋಡೆ ಕಟ್ಟುವ ಕೆಲಸ. ಸೋಮವಾರ ಅವಳು ಕೊನೆಯ ಸಾಲಿನಿಂದ ಅಂಗೆಲನ ದೀಪ ತೆಗೆದು, ನಂಬರು ಕೆರೆದು, ತಮ್ಮನ ನಂಬರು ಬರೆದಳು. ಅಂಗೆಲ್ ಎರಡು ವರ್ಷದ ಹಿಂದೆ ಮೇಲ್ಛಾವಣಿ ಕುಸಿದು ಸತ್ತವನು.

ಲಿವಿಯು ಕಿಟಕಿಯಲ್ಲಿ ದೀಪವನ್ನು ಒಮ್ಮೆ ತಿರುಗಿಸಿ ನೋಡಿದ. "ಅಕ್ಕಾ, ಇದು ಅಂಗೆಲಣ್ಣಂದು."

"ನಂಬರ್ ನೋಡೋ."

"ಏನ್ ನೋಡೋದು, ಪೇಂಟ್ ಇನ್ನೂ ಕೈಗಂಟ್ತಿದೆ. ನಾಲ್ಕು ವರ್ಷ ಅವನ ಪಕ್ಕ ಕೂತು ಬುತ್ತಿ ತಿಂದಿದೀನಿ ನಾನು."

"ಬೆಳಕಿಗೆ ಹೆಸರಿರುತ್ತೇನೋ ಪೆದ್ದ? ಪೂರ್ತಿ ಪಾಳಿ ಉರಿಯುತ್ತೆ."

"ಅವನಿಗೂ ಉರೀತಿತ್ತು."

"ಅಕ್ಕ ತಮ್ಮನ ಜಗಳ ಮನೇಲಿಟ್ಕೊಳ್ರಪ್ಪ, ಲಿಫ್ಟು ಕಾಯಲ್ಲ," ಎಂದ ಹಿಂದೆ ನಿಂತಿದ್ದ ಗ್ಲಿಗೋರ್.

ಲಿವಿಯು ದನಿ ತಗ್ಗಿಸಿದ. "ನಂದೇ ಕೊಡಕ್ಕಾ. ಮಂಕಾದ್ರೂ ನಂದು. ಕೊರಿನಾಗೆ ಹೇಳ್ಬೇಡ, ಬಸುರಿ ಹೆಂಡ್ತಿ, ಹೆದರ್ಕೋತಾಳೆ."

ದೀಪ ಕೊಡದಿದ್ದರೆ ಅವನು ಇಳಿಯುವಂತಿರಲಿಲ್ಲ. ಅಷ್ಟು ಅವಳ ಕೈಯಲ್ಲಿತ್ತು. ಆದರೆ ಕಿಟಕಿಯ ಮುಂದೆ ಕಾಯುವವರ ಸಾಲು ಉದ್ದವಿತ್ತು. ಅವನದನ್ನೇ ಕೊಟ್ಟು, ದಿನದಂತೆ "ಒಳ್ಳೇದಾಗ್ಲಿ" ಎಂದಳು.

ಹನ್ನೊಂದರ ಸುಮಾರಿಗೆ ಲಿವಿಯುವಿನ ದೀಪ ಆರಿತು. ಜೊತೆಗಾರ ಸಿಮೆಂಟು ತರಲು ಹೋಗಿದ್ದ. ಕತ್ತಲಾದರೆ ಇದ್ದಲ್ಲೇ ಕೂರಬೇಕೆಂಬುದು ಗಣಿಯ ನಿಯಮ. ಲಿವಿಯು ಗೋಡೆ ತಡವುತ್ತಾ ನಡೆದ. ಗೋಡೆ ಮುಗಿದಲ್ಲಿ ಇನ್ನೂ ಮುಚ್ಚದ ಗುಂಡಿಯೊಂದಿತ್ತು. ಅವನ ಹೆಣವನ್ನು ಮೇಲೆ ತರಲು ಸಂಜೆಯಾಯಿತು.

ತನಿಖೆಗೆ ಬಂದವರು ದೀಪದ ಕೋಣೆಯಲ್ಲಿ ಲಿವಿಯುವಿನ ನಂಬರಿನ ಇನ್ನೊಂದು ದೀಪ ಕಂಡರು. ಸವೇತಾಳನ್ನು ಕೇಳಿದ್ದು ಒಂದೇ: ದೀಪದ ನಂಬರು ಬದಲಿಸಲು ಅನುಮತಿ ಕೊಟ್ಟವರು ಯಾರು?

"ಯಾರೂ ಇಲ್ಲ. ನಾನೇ."

ಅದನ್ನು ಬರೆದುಕೊಂಡರು. ಬ್ಯಾಟರಿಯ ಮಾತು ತೆಗೆದಾಗ, "ಅದು ಈ ತನಿಖೆಗೆ ಬರಲ್ಲಮ್ಮ," ಎಂದರು.

ಮಣ್ಣು ಮಾಡಿದ ಮರುದಿನ ಕೆಲಸ ಮತ್ತೆ ಶುರುವಾಯಿತು. ಮೊದಲು ಬಂದವನು ಗ್ಲಿಗೋರ್. ಅವನದೂ ಮಂಕು ದೀಪವೇ. ಬಿಲ್ಲೆ ಇಟ್ಟು, ತಲೆ ತಗ್ಗಿಸಿಯೇ ಹೇಳಿದ. "ಕೊನೇ ಸಾಲಿಂದು ಒಂದು ಕೊಡಮ್ಮ."

"ಯಾರದು ಬೇಕು?"

"ಹೆಸರು ಹೇಳ್ಬೇಡ. ಕೊಡು."

ಅವನ ಹಿಂದೆ ಇನ್ನೂ ಆರು ಜನ ಹಾಗೇ ಕೇಳಿ ಪಡೆದರು. ಎಂಟನೆಯವನು ತೋದೋರ್. ಅವನೂ ಕೇಳಿದ. ಕೊನೆಯ ಸಾಲಿನ ಏಳೂ ದೀಪ ಖಾಲಿಯಾಗಿದ್ದವು. ಸವೇತಾ ಅವನ ಮಂಕು ದೀಪವನ್ನೇ ಎತ್ತಿಕೊಂಡಳು. ಅವನು ಕೈ ಚಾಚಿದರೂ ತಕ್ಷಣ ಬಿಡಲಿಲ್ಲ.

"ಆರಿದ್ರೆ ಕೂತ್ಕೋ ತೋದೋರ್. ಎಷ್ಟು ಹೊತ್ತಾದ್ರೂ ಸರಿ, ಕೂತೇ ಇರು. ನಾನು ಯಾರನ್ನಾದ್ರೂ ಕಳಿಸ್ತೀನಿ."