ಪತ್ತೇದಾರನಿಗೆ ಗದಗಿನ ದನಿ

ತಪ್ಪು ನನ್ನದೇ. ಬಸವರಾಜ ಅಂಕಲ್ ಮನೆಯ ಮಹಡಿ ಕೋಣೆಯಲ್ಲಿದ್ದುಕೊಂಡು, ಅವರದೇ ಸೋಫಾದಲ್ಲಿ ಕೂತು, ಅವರದೇ ದನಿ ಕದ್ದೆ. ದಿನಾ ಬೆಳಿಗ್ಗೆ ‘ಏಳಪಾ ಮೈಸೂರ ಮಹಾರಾಜಾ, ಚಾ ಆರಾಕತ್ತೇತಿ’ ಎಂದು ಕೂಗುತ್ತಿದ್ದ ಮನುಷ್ಯ, ಆ ಸೋಮವಾರ ಕಾರಿನ ಕೀ ಹಿಡಿದು ನಿಂತು, ‘ಗುಡ್ ಮಾರ್ನಿಂಗ್. ಶಲ್ ವಿ ಲೀವ್?’ ಎಂದರು. ಓದಲು ಅಮೆರಿಕಕ್ಕೆ ಬಂದು ಏಳು ತಿಂಗಳಾಗಿತ್ತು. ಪರದೇಶದಲ್ಲಿದ್ದೇನೆ ಅನ್ನಿಸಿದ್ದು ಅವತ್ತೇ.

ಡಲ್ಲಾಸಿನ ಉತ್ತರಕ್ಕಿರುವ ಮೆಕಿನ್ನಿ ನಮ್ಮೂರು. ‘ನಮ್ಮೂರು’ ಅಂದುಬಿಟ್ಟೆ, ಇರಲಿ. ಮೈಸೂರಿನಲ್ಲಿ ಬೇಜಾರಾದರೆ ಚಪ್ಪಲಿ ಮೆಟ್ಟಿ ಹೊರಟರೆ ಸಾಕು, ತಿರುವಿನಲ್ಲಿ ಜಗಳಕ್ಕಾದರೂ ಯಾರೋ ಸಿಗುತ್ತಾರೆ. ಇಲ್ಲಿ ನಡೆಯುವವನನ್ನು ಕಂಡರೆ ಪಿಕಪ್ ಟ್ರಕ್ ನಿಲ್ಲಿಸಿ, ‘ಕಾರು ಕೆಟ್ಟಿತೇ?’ ಎಂದು ಕೇಳುತ್ತಾರೆ. ಹಾಗಾಗಿ ಅಂಕಲ್ ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನನ್ನು ಯೂನಿವರ್ಸಿಟಿಗೆ ಡ್ರಾಪ್ ಮಾಡುತ್ತಿದ್ದರು. ದಾರಿಯುದ್ದಕ್ಕೂ ಗದಗಿನ ಕನ್ನಡ. ಅಷ್ಟು ಕೇಳಿದರೆ ನನಗೆ ದಿನ ಸಾಗುತ್ತಿತ್ತು.

ಎಲ್ಲಕ್ಕೂ ಕಾರಣ ಒಂದು ಸಿನಿಮಾ. ಕ್ಲಾಸಿಗಾಗಿ ನೋಡಬೇಕಿದ್ದ ಹಳೆಯ ಕಪ್ಪು-ಬಿಳುಪು ಚಿತ್ರ, ಒಂದು ಒರಟು ಪತ್ತೇದಾರಿ ಕಾದಂಬರಿಯಿಂದ ತೆಗೆದದ್ದು. ಇಂಥದ್ದಕ್ಕೆ ಇಲ್ಲಿ ‘ನ್ವಾರ್’ ಅನ್ನುತ್ತಾರೆ: ಬೆಳಕಿಗಿಂತ ನೆರಳು ಹೆಚ್ಚು, ಬಾಯಿ ಬಿಟ್ಟವರೆಲ್ಲ ಸುಳ್ಳರು. ನಮ್ಮಜ್ಜಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತರುತ್ತಿದ್ದ ಪುಸ್ತಕಗಳ ಪತ್ತೇದಾರ ಕೊನೆಯ ಪುಟದಲ್ಲಿ ಎಲ್ಲರನ್ನೂ ಕೂರಿಸಿ ನ್ಯಾಯ ಹೇಳುತ್ತಿದ್ದ. ಈ ಸಿನಿಮಾದವನಿಗೋ, ತನ್ನ ಮೇಲೇ ನಂಬಿಕೆಯಿಲ್ಲ.

ಶನಿವಾರ ಊಟಕ್ಕೆ ನಾಲ್ಕು ಕನ್ನಡದ ಮನೆಯವರು ಬಂದಿದ್ದರು. ಟಿವಿಯಲ್ಲಿ ಆ ಸಿನಿಮಾ ಹಾಕಿ, ಸೌಂಡ್ ಮ್ಯೂಟ್ ಮಾಡಿ ನಾನೇ ಡಬ್ಬಿಂಗ್ ಶುರು ಮಾಡಿದೆ. ಟೋಪಿಯ ಪತ್ತೇದಾರನಿಗೆ ಅಂಕಲ್ ದನಿ, ಮಾತಿಗೆ ಮುಂಚಿನ ಅವರ ಕೆಮ್ಮಿನ ಸಮೇತ. ಬೆಡಗಿನ ಹೆಂಗಸು ಪಿಸ್ತೂಲು ತೆಗೆದಳು. ‘ಅಲ್ರೀ ಬಾಯಾರ, ಗುಂಡು ಆಮ್ಯಾಲ ಹಾರಸ್ರಿ. ಮೊದಲ ಎರಡು ರೊಟ್ಟಿ ತಿನ್ರಿ!’

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಕಲ್‌ರ ಒಂಬತ್ತು ವರ್ಷದ ಮಗಳು ಅನು, ‘ಡೂ ಅಪ್ಪಾ ಅಗೇನ್!’ ಎಂದು ಕುಣಿದಳು. ಅಂಕಲ್ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ಅವರು ಬಾಯಿ ತೆರೆದಾಗಲೆಲ್ಲ ಅನು ‘ಅಲ್ರೀ ಬಾಯಾರ’ ಅನ್ನತೊಡಗಿದಳು. ಅವರು ಪೂರ್ತಿ ಇಂಗ್ಲಿಷಿಗೆ ಶಿಫ್ಟ್ ಆದರು. ಅವರ ಹೆಂಡತಿ ಸುಮಾ ಆಂಟಿ ನನ್ನನ್ನು ಅಡುಗೆಮನೆಗೆ ಕರೆದರು.

‘ಬೆಂಗಳೂರಾಗ ಇವರ ಕನ್ನಡಕ್ಕ ನಕ್ರು. ಇಲ್ಲಿ ಆಫೀಸಿನ್ಯಾಗ ಇಂಗ್ಲಿಷಿಗೆ ನಗ್ತಾರ. ಮನ್ಯಾಗರ ಆರಾಮ ಮಾತಾಡ್ತಿದ್ರು. ಈಗ ಅದಕ್ಕೂ ಕೀಲಿ ಹಾಕಿದಿ ನೋಡು.’

ಮುಂದಿನ ವಾರ ಹ್ಯೂಸ್ಟನ್ ಕಡೆಯ ಕ್ಲಿಯರ್ ಲೇಕ್‌ಗೆ, ಅವರ ನೆಂಟರ ಮನೆಗೆ ಹೊರಟೆವು. ನಾಲ್ಕು ಗಂಟೆಗೂ ಮೀರಿದ ದಾರಿ. ಕಾರಿನಲ್ಲಿ ಏಸಿಯದ್ದೊಂದೇ ಸದ್ದು. ತಡೆಯಲಾಗಲಿಲ್ಲ. ಕೌಬಾಯ್ ದನಿಯಲ್ಲಿ ಸಾರಿ ಕೇಳಿದೆ. ವಾರ್ತೆ ಓದುವವರ ದನಿಯಲ್ಲಿ ವಿಷಾದ ವ್ಯಕ್ತಪಡಿಸಿದೆ. ಯಾರೂ ನಗಲಿಲ್ಲ. ಕೊನೆಗೆ ನಾಟಕ ಬಿಟ್ಟೆ.

‘ನಿಜವಾಗ್ಲೂ ಅಂಕಲ್, ನಾ ತಪ್ಪ ಮಾಡೀನ್ರಿ... ಐ ಮೀನ್, ಹಂಗೆ ಮಾಡ್ಬಾರ್ದಿತ್ತು. ನೀವು ಮಾತಾಡದೇ ಇದ್ರೆ ಆ ಮನೇಲಿ ಇರಕ್ಕಾಗಲ್ಲ ನಂಗೆ.’

ಪಕ್ಕದಲ್ಲಿ ಕೂತಿದ್ದ ಅನು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. ‘ಹೂಸ್ ವಾಯ್ಸ್ ಈಸ್ ದಟ್?’

ಗದಗು, ಇಂಗ್ಲಿಷು, ಮೈಸೂರು ಮೂರೂ ಅದರಲ್ಲಿದ್ದವು. ಹೋದ ಭಾನುವಾರ ಮೈಸೂರಿಂದ ಫೋನಿನಲ್ಲಿ ಅಮ್ಮನೂ ಇದನ್ನೇ ಕೇಳಿದ್ದಳು, ‘ಯಾರೋ ಇದು ಮಾತಾಡ್ತಿರೋದು?’

ಅಂಕಲ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಕೆಮ್ಮಿದರು.

‘ನನ್ನ ದನಿ ಕದ್ದದ್ದು ಇರ್ಲಿ. ನಿಂದೂ ಒಂದು ಇತ್ತಲ್ಲ, ಅದನ್ನ ಎಲ್ಲಿ ಕಳಕೊಂಡಿ? ಮೊದಲ ಅದನ್ನ ಪತ್ತೆ ಹಚ್ಚಪಾ, ಪತ್ತೇದಾರಾ!’