ಐದು ದಿನದ ಮಾತ್ರೆ

ಆಕೆ ಹೊಲಿಗೆಯವಳು. ಶಾಲೆಯೆದುರಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಮವಸ್ತ್ರ ಹೊಲಿಯುತ್ತಿದ್ದಳು. ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳೊಂದಿಗೆ ಹರಟುವುದು ಅವಳಿಗೆ ನೀರು ಕುಡಿದಷ್ಟು ಸಲೀಸು.

ಒಂದು ಬೇಸಿಗೆಯಲ್ಲಿ ಊಟ ಕಂಡರೆ ವಾಕರಿಕೆ ಶುರುವಾಯಿತು. ಎರಡು ತುತ್ತಿಗೇ ಹೊಟ್ಟೆ ಉಬ್ಬರ. ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು: ಊಟಕ್ಕೆ ಅರ್ಧ ಗಂಟೆ ಮೊದಲು, ಐದು ದಿನ ಮಾತ್ರ. ಮೂರನೇ ದಿನಕ್ಕೇ ಹಿತವೆನಿಸಿತು. ಐದು ದಿನ ಮುಗಿದು ವಾಕರಿಕೆ ಮರಳಿದಾಗ ಆಕೆ ಡಾಕ್ಟರ ಬಳಿ ಹೋಗದೆ ಅದೇ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಏನೂ ಕೇಳದೆ ಕೊಟ್ಟ. ಹೀಗೇ ಎಂಟು ತಿಂಗಳು ಕಳೆಯಿತು.

ಅವಳ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ಯಂತ್ರದ ಪಕ್ಕ ಕುಳಿತು ಗುಂಡಿ ಹಾಕುತ್ತಿದ್ದವರು ಸಿಡುಕಿದರು.

“ಬೈಯೋದಿದ್ರೆ ಬಾಯಿಬಿಟ್ಟು ಬೈಯೇ. ಅದೇನು ಒಳಗೊಳಗೇ ಗೊಣಗೋದು?”

“ಅಯ್ಯೋ ಅತ್ತೆ, ನಾನು ತುಟಿ ಪಿಟಕ್ ಅಂದಿಲ್ಲ!”

“ವಾರದಿಂದ ನೋಡ್ತಿದ್ದೀನಿ. ನಂಗೆ ಕಿವಿ ಇಲ್ಲ, ಕಣ್ಣಿದೆ.”

ಆಕೆ ಎದ್ದು ಗಿರಾಕಿಗಳ ಕನ್ನಡಿಯ ಮುಂದೆ ನಿಂತಳು. ತುಟಿಗಳು ತಾವಾಗಿಯೇ ಹಕ್ಕಿಯ ಚುಂಚಿನಂತೆ ಮುಂದೆ ಚಾಚಿ ಮತ್ತೆ ಸಡಿಲಗೊಳ್ಳುತ್ತಿದ್ದವು. ಬರಿ ಬಾಯಿ ಏನನ್ನೋ ಮೆಲ್ಲುತ್ತಿತ್ತು. ಅಂಗೈಯಿಂದ ಅದುಮಿದಳು, ಕೈ ತೆಗೆದರೆ ಮತ್ತೆ ಅದೇ. ಈಚೆಗೆ ಪಿನ್ನುಗಳು ಬಾಯಿಂದ ಉದುರುತ್ತಿದ್ದುದು ನೆನಪಾಯಿತು. ಒಂದಾದರೂ ಗಂಟಲಿಗಿಳಿದಿದ್ದರೆ?

ಮರುದಿನ ಬೆಳಿಗ್ಗೆ ಅತ್ತೆಯೇ ಹಟ ಹಿಡಿದು ಅದೇ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹೆಸರು ಓದಿದರು.

“ಇನ್ನೂ ಇದನ್ನೇ ತಗೋತಿದ್ದೀರಾ? ಐದು ದಿನಕ್ಕೆ ಬರೆದದ್ದಲ್ವೇನಮ್ಮ! ಬಹಳ ಕಾಲ ತಗೊಂಡ್ರೆ ಕೆಲವರಿಗೆ ತುಟಿ, ನಾಲಿಗೆ ಹೀಗೆ ತಾವಾಗೇ ಆಡೋಕೆ ಶುರುವಾಗುತ್ತೆ.”

“ನಿಲ್ಲಿಸಿದ್ರೆ ಹೋಗುತ್ತಾ ಡಾಕ್ಟ್ರೇ?”

“ಹೋಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ.”

ಮಾತ್ರೆ ನಿಂತಿತು. ನರಗಳ ಡಾಕ್ಟರಿಗೂ ತೋರಿಸಿದರು. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದಾಗ ಹುಣ್ಣು ಕಂಡಿತು. ವಾಕರಿಕೆಯ ಬೇರು ಅಲ್ಲಿತ್ತು, ಮಾತ್ರೆ ಅದನ್ನು ಎಂಟು ತಿಂಗಳು ಮರೆಮಾಡಿತ್ತು ಅಷ್ಟೆ. ಅದಕ್ಕೆ ಬೇರೆ ಔಷಧಿಯಾಯಿತು. ಎರಡು ತಿಂಗಳಲ್ಲಿ ಹೊಟ್ಟೆ ತುಂಬ ಉಣ್ಣುವಂತಾದಳು.

ಬಾಯಿಯ ಆಟ ಅಷ್ಟು ಬೇಗ ಬಿಡಲಿಲ್ಲ. ಮಾತ್ರೆ ನಿಲ್ಲಿಸಿದ ಹೊಸದರಲ್ಲಿ ಇನ್ನಷ್ಟು ಹೆಚ್ಚಿ, ಆಮೇಲೆ ನಿಧಾನಕ್ಕೆ ಇಳಿಯಿತು. ವರ್ಷದ ನಂತರವೂ ದಣಿದಾಗ ನಾಲಿಗೆ ಒಂದು ಮಗ್ಗುಲಿಗೆ ಹೊರಳುತ್ತಿತ್ತು.

ಒಮ್ಮೆ ಔಷಧಿ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. “ನೀವೇ ಕೇಳಿದ್ರಲ್ಲ ಅಕ್ಕಾ, ಕೊಟ್ಟೆ,” ಎಂದ ಅಂಗಡಿಯವನು.

“ಹೌದಪ್ಪ, ಕೇಳಿದ್ದು ನಾನೇ. ಇನ್ನೊಬ್ಬರು ಹಳೇ ಚೀಟಿ ತಂದ್ರೆ ತಾರೀಕು ನೋಡು,” ಎಂದು ಹೇಳಿ ಆಕೆ ಕೆಲಸಕ್ಕೆ ಹೋದಳು.