ಕ್ಯಾಮೆರಾ ಗಾಜಿನ ಮೇಲಿನ ಕುಂಕುಮ

ಆ ಕ್ಯಾಮೆರಾ ಯಂತ್ರ ಚೀನಾದಿಂದ ಬಂದ ದಿನ ಮಳೆ ಇತ್ತೋ ಇಲ್ಲವೋ ಎಂದು ಕೇಳಿದರೆ ನಾನು ಹೇಳಲಾರೆ. ಮರದ ಪೆಟ್ಟಿಗೆ ಒದ್ದೆಯಾಗಿತ್ತು ಅನ್ನುವುದು ನೆನಪಿದೆ. ಅದು ಬೇರೆ ಪೆಟ್ಟಿಗೆಯೂ ಇರಬಹುದು. ಆ ವರ್ಷ ಲಾರಿಯ ಮೇಲೆ ಲಾರಿ ಬರುತ್ತಿತ್ತು. ಅಲ್ಲಿನ ಕಾರ್ಖಾನೆಯೊಂದನ್ನು ಬಿಚ್ಚಿ, ಭಾಗಭಾಗಕ್ಕೂ ಚೀಟಿ ಅಂಟಿಸಿ, ಮೈಸೂರಿನ ಹೊರವಲಯದ ನಮ್ಮ ಶೆಡ್ಡಿಗೆ ಕಳಿಸಿದ್ದರು. ಮೊಬೈಲ್ ಚಾರ್ಜರಿನೊಳಗಿನ ಬೋರ್ಡುಗಳನ್ನು ಇನ್ನು ಮುಂದೆ ಇಲ್ಲಿ ಮಾಡಬೇಕಿತ್ತು.

ನಾನು ಓದಿದ್ದು ತತ್ತ್ವಶಾಸ್ತ್ರ. ಸರಸ್ವತಿಪುರಂನ ಟ್ಯುಟೋರಿಯಲ್‌ಗಳಲ್ಲಿ ಪಾಠ ಹೇಳಿ, ಎಲ್ಲಿಯೂ ವರ್ಷ ತುಂಬ ನಿಲ್ಲದೆ, ಕೊನೆಗೆ ಇಲ್ಲಿಗೆ ಸೇರಿದ್ದೆ. ಚೀನಾದಿಂದ ಬಂದ ಎಂಜಿನಿಯರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೆಲಸದ ಹೆಣ್ಣುಮಕ್ಕಳಿಗೆ ತಿಳಿಸುವುದು, ಸೂಚನೆಗಳನ್ನು ಕನ್ನಡದಲ್ಲಿ ಬರೆದು ಮೇಜುಗಳ ಮುಂದೆ ಅಂಟಿಸುವುದು ನನ್ನ ಕೆಲಸ. ನಿಯಮ ಬರೆಯುವವನು ನಾನಾದ್ದರಿಂದ ನನ್ನ ಬಾಯಿಮಾತೂ ನಿಯಮವೇ ಎಂದು ಅವರು ತಿಳಿದಿದ್ದರು.

ಅವರೆಲ್ಲ ಇಪ್ಪತ್ತರ ಆಸುಪಾಸಿನವರು. ಒಬ್ಬರು ಮಾತ್ರ ಐವತ್ತರ ಹತ್ತಿರ ಬಂದಿದ್ದವರು. ಎಲ್ಲರಿಗೂ ಅಕ್ಕ, ನನಗೂ ಅಕ್ಕ. ಹುಡುಗಿಯಾಗಿದ್ದಾಗ ಇದೇ ಊರಿನ ಟಿ.ವಿ. ಕಾರ್ಖಾನೆಯೊಂದರಲ್ಲಿ ಬೋರ್ಡುಗಳಿಗೆ ಬಿಡಿಭಾಗ ಬೆಸೆಯುವ ಸೋಲ್ಡರಿಂಗ್ ಮಾಡಿದ್ದರು. ಅಗ್ಗದ ಚೀನಾ ಮಾಲು ಬಂದ ಮೇಲೆ ಅದು ಮುಚ್ಚಿತು. ಆಮೇಲೆ ಇಪ್ಪತ್ತು ವರ್ಷ ಒಂಟಿಕೊಪ್ಪಲಿನ ಮನೆಯಲ್ಲಿ ಊದುಬತ್ತಿ ಹೊಸೆದರು. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಅದನ್ನು ಕಂಡೇ ವಯಸ್ಸಿನ ಮಿತಿ ಬದಿಗಿಟ್ಟು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಆರು ತಿಂಗಳು ದೂರಿಲ್ಲದೆ ಕಳೆದರೆ ಕಾಯಂ. ಅವರು ಕಾಯುತ್ತಿದ್ದದ್ದು ಅದಕ್ಕೇ.

ಒಮ್ಮೆ ಎಂಜಿನಿಯರ್ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಉದ್ದನೆಯ ಖಾಲಿ ಹಾಲ್, ನೆಲದ ಮೇಲೆ ಯಂತ್ರಗಳು ನಿಂತಿದ್ದ ಜಾಗದ ಚೌಕ ಗುರುತುಗಳು. ಅಲ್ಲಿದ್ದ ಹೆಣ್ಣುಮಕ್ಕಳು ಈಗ ಏನು ಮಾಡುತ್ತಾರಂತೆ ಕೇಳಿ ಎಂದರು ಅಕ್ಕ. ಕೇಳಿದೆ. ಅವನು ಏನೋ ಹೇಳಿದ. ಊರಿಗೆ ಹೋದರಂತೆ ಎಂದು ತಿಳಿಸಿದೆ. ಅವನು ಹೇಳಿದ್ದು ಅದನ್ನೇಯೋ, ಅಥವಾ ಬಸ್ಸಿಗೆ ಹೊತ್ತಾಯಿತೆಂದು ನಾನೇ ಹಾಗೆ ಮುಗಿಸಿದೆನೋ, ಈಗ ಗೊತ್ತಿಲ್ಲ.

“ನಮ್ಮನ್ನೂ ಅಂಗೇ ಕಳ್ಸುದ್ರು ಸಾರ್,” ಅಂದರು ಅಕ್ಕ. “ನಮ್ ಕೆಲ್ಸ ಅವರ್ಗೋಯ್ತು, ಅವರ್ದು ನಮ್ಗೆ ಬಂತು. ಮಧ್ಯದಲ್ಲಿ ನನ್ ವಯಸ್ಸೋಯ್ತು.”

ವೀಸಾ ಮುಗಿದು ಎಂಜಿನಿಯರ್ ಹಿಂತಿರುಗಿದ. ದಸರಾ ಬಂತು. ಆಯುಧಪೂಜೆಗೆ ಕಂಪನಿ ಬಸ್ಸಿನ ಮುಂದೆ, ಹೊರಗಿನ ಕಂಪ್ರೆಸರ್ ಮುಂದೆ ಬೂದುಗುಂಬಳ ಒಡೆದರು. ಒಳಗೆ ಪೂಜೆ ಇಟ್ಟಿರಲಿಲ್ಲ. ನಾನು ಯಾವುದೋ ಸೂಚನೆ ತಿದ್ದುತ್ತ ಕೂತಿದ್ದಾಗ ಅಕ್ಕ ಬಂದು, ಬೋರ್ಡುಗಳನ್ನು ಕ್ಯಾಮೆರಾದಿಂದ ನೋಡಿ ಸರಿ-ತಪ್ಪು ಹೇಳುವ ಯಂತ್ರವನ್ನು ತೋರಿಸಿದರು.

“ಸಾರ್, ಇದ್ಕೂ ಒಂದ್ ಬೊಟ್ಟು ಇಡ್ಲಾ? ಪಾಪ, ಪರಊರಿಂದ ಬಂದದೆ.”

ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ತಲೆಯೆತ್ತಿ, ಹೊರಗಡೆ ಮಾತ್ರ ಇಡಿ ಅಕ್ಕ ಎನ್ನುತ್ತೇನೆ. ಇನ್ನೊಂದರಲ್ಲಿ ತಲೆಯೆತ್ತದೆ ಹ್ಞೂಂ ಎನ್ನುತ್ತೇನೆ. ಎರಡರಲ್ಲೂ ಅವರ ಕೈಯಲ್ಲಿ ಕುಂಕುಮದ ಪೊಟ್ಟಣ ಇದೆ.

ಅವರು ಯಂತ್ರವನ್ನು ಒರೆಸಿ, ಬಾಗಿಲು ತೆರೆದು, ಒಳಗಿನ ಚೌಕಟ್ಟಿಗೆ ಬೊಟ್ಟಿಟ್ಟರು. ಅದು ಒಣಗಿ, ಪುಡಿ ಕೆಳಗಿದ್ದ ಕ್ಯಾಮೆರಾದ ಗಾಜಿನ ಮೇಲೆ ಉದುರಿತು. ಧೂಳು ಕೂಡದು ಎಂದು ನನ್ನ ಸೂಚನೆಯಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಆದರೆ ಕುಂಕುಮವನ್ನು ಯಾರು ಧೂಳು ಅಂದುಕೊಳ್ಳುತ್ತಾರೆ?

ರಜೆ ಮುಗಿದು ಯಂತ್ರ ಹಾಕಿದಾಗ ಬಂದ ಬೋರ್ಡೆಲ್ಲ ತಪ್ಪು ಎಂದಿತು. ನಾವು ಅದನ್ನು ನಂಬಿದೆವು. ಹುಡುಗಿಯರು ಚೆನ್ನಾಗಿದ್ದ ಸೋಲ್ಡರಿಂಗನ್ನೆಲ್ಲ ಮತ್ತೆ ಕಾಯಿಸಿ, ತಿದ್ದಿ, ನಿಜವಾಗಿಯೂ ಕೆಡಿಸಿದರು. ಅಕ್ಕ ಒಬ್ಬರೇ ಬೋರ್ಡನ್ನು ಕಣ್ಣ ಹತ್ತಿರ ಹಿಡಿದು, ಇದರಲ್ಲಿ ಏನೂ ಕೆಟ್ಟಿಲ್ಲ ಎಂದು ಹೇಳುತ್ತಲೇ ಇದ್ದರು. ಸಂಜೆ ಹೊತ್ತಿಗೆ ಎಂಜಿನಿಯರ್‌ಗೆ ವಿಡಿಯೊ ಕರೆ ಮಾಡಿದೆವು. ಬಾಗಿಲು ತೆರೆಯಿರಿ ಎಂದ, ತೆರೆದೆವು. ಗಾಜಿನ ಮೇಲಿನ ಆ ಕೆಂಪು ಪುಡಿ ಏನು ಎಂದು ಕೇಳಿದ. ಖರೀದಿದಾರರಿಗೆ ಹೋಗಬೇಕಿದ್ದ ನಮ್ಮ ಮೊದಲ ಲಾಟ್ ಅಷ್ಟೂ ಹಾಳಾಗಿತ್ತು.

ಅಕ್ಕನ ಆರು ತಿಂಗಳಿಗೆ ಮೂರು ವಾರ ಬಾಕಿ ಇತ್ತು. ಮ್ಯಾನೇಜರ್ ಕೆಟ್ಟವರಲ್ಲ. ಯಾರಾದರೂ ಅನುಮತಿ ಕೊಟ್ಟಿದ್ದರೆ ಒಂದು ಎಚ್ಚರಿಕೆಯಲ್ಲಿ ಮುಗಿಸುತ್ತೇನೆ, ತಾನಾಗಿ ಮಾಡಿದ್ದರೆ ಕಳಿಸಲೇಬೇಕು ಎಂದರು. ಸಾರ್‌ನ ಕೇಳೇ ಇಟ್ಟೆ ಎಂದರು ಅಕ್ಕ. ಮ್ಯಾನೇಜರ್ ನನ್ನ ಕಡೆ ತಿರುಗಿದರು.

“ಕೇಳಿದ್ದು ನಿಜ. ನಾನೇನು ಹೇಳಿದೆ ಅಂತ ಖಚಿತವಾಗಿ ನೆನಪಿಲ್ಲ ಸಾರ್,” ಎಂದೆ.

ಅದು ಸುಳ್ಳಲ್ಲ. ಖಚಿತವಿಲ್ಲದ್ದನ್ನು ಖಚಿತವೆಂದು ಹೇಳಬಾರದೆಂದು ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಹ್ಞೂಂ ಎಂದಿದ್ದೆ ಎಂಬ ನೆನಪೂ ನನ್ನಲ್ಲಿ ಇತ್ತಲ್ಲ, ಅದನ್ನು ಯಾಕೆ ಹೇಳಲಿಲ್ಲ? ನನ್ನ ಅನುಮಾನ ಎರಡೂ ಕಡೆಗೆ ಸಮನಾಗಿತ್ತು, ಆದರೆ ಬಾಯಿಗೆ ಬಂದದ್ದು ನನಗೆ ಅನುಕೂಲವಾದ ಅನುಮಾನ. ಅಕ್ಕ ನನ್ನನ್ನು ನೋಡಲಿಲ್ಲ. ಕೆಲಸದ ಟೋಪಿ ತೆಗೆದು ಮಡಿಸಿ ಮೇಜಿನ ಮೇಲಿಟ್ಟರು.

ಕಾರ್ತಿಕದ ಒಂದು ಭಾನುವಾರ ಅವರ ಮನೆಗೆ ಹೋದೆ. ಮುಂದೆ ಹಲಗೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದರು, ಬೆರಳೆಲ್ಲ ಕಪ್ಪು. ಕೂರಿಸಿ ಕಾಫಿ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ ನಾನೇ ಕೇಳಿದೆ.

“ಅವತ್ತು ನಾನೇನಂದೆ ಅಂತ ನಿಮಗೆ ನೆನಪಿದ್ಯಾ ಅಕ್ಕ? ಹೇಳಿ, ನಾಳೇನೇ ಮ್ಯಾನೇಜರ್‌ಗೆ ಬರೆದುಕೊಡ್ತೀನಿ.”

“ನೆನಪದೆ ಸಾರ್.” ಕಡ್ಡಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಆದ್ರೆ ನಾನೇಳಿ ನೀವು ಬರ್ಕೊಟ್ರೆ, ಅದು ನನ್ ಮಾತೇ ಆಯ್ತಲ್ಲ. ನನ್ ಮಾತ ಅವತ್ತೇ ಏಳಿದ್ದೆ.”

ನಾನು ಏಳುವಾಗ, ತನ್ನ ಜಾಗಕ್ಕೆ ಯಾರು ಬಂದಿದ್ದಾರೆ ಎಂದು ಕೇಳಿದರು. ಒಬ್ಬಳು ಹುಡುಗಿ, ಇನ್ನೂ ಕಲಿಯುತ್ತಿದ್ದಾಳೆ, ಕೈ ನಡುಗುತ್ತದೆ ಎಂದೆ.

“ಮೊಣಕೈನ ಮೇಜಿಗೆ ಊರ್ಕೊಂಡು ಮಾಡಕ್ಕೇಳಿ. ನಡುಗಲ್ಲ.”

ಹೊರಗೆ ಬಂದು, ಬೀದಿಯಲ್ಲೇ ನಿಂತು, ಆ ಮಾತನ್ನು ಒಂದಕ್ಷರ ಬಿಡದೆ ಚೀಟಿಯಲ್ಲಿ ಬರೆದುಕೊಂಡೆ.